ಗೋಲಿ ಬೇರೆ, ಗೋಲಾ ಬೇರೆ

ನಮ್ಮ ಮನೆಯಲ್ಲಿ ಬಿಸಿ ಊಟ ಮಾಡಿದ ನೆನಪು ನನಗೆ ಕಡಿಮೆ. ಅವ್ವ ಬಿಸಿಯಾಗಿಯೇ ಬಡಿಸುತ್ತಿದ್ದಳು. ಗ್ಯಾಸಿನ ಒಲೆಯನ್ನು ನೆಲದ ಮೇಲಿಟ್ಟುಕೊಂಡು, ಕಾಲು ಮಡಿಚಿ ಕೂತು, ಜೋಳದ ರೊಟ್ಟಿ ಬಡಿದು ಒಂದೊಂದನ್ನೇ ಹೆಂಚಿನಿಂದ ನೇರ ನಮ್ಮ ತಾಟಿಗೆ ಹಾಕುತ್ತಿದ್ದಳು. ಆದರೆ ನಾವು ಎರಡು ತುತ್ತು ತಿನ್ನುವುದರೊಳಗೆ ಅಪ್ಪನಿಗೆ ಯಾವುದಾದರೂ ಒಂದು ಶಬ್ದ ಸಿಕ್ಕಿಬಿಡುತ್ತಿತ್ತು. ಅಲ್ಲಿಗೆ ಊಟ ನಿಂತಿತು ಎಂದೇ ಲೆಕ್ಕ. ಅಪ್ಪನಿಗೆ ನಾಂಪಲ್ಲಿಯ ಒಂದು ಸರ್ಕಾರಿ ಕಚೇರಿಯಲ್ಲಿ ಹಳೆಯ ಉರ್ದು ಕಾಗದಪತ್ರಗಳನ್ನು ತೆಲುಗಿಗೂ ಇಂಗ್ಲಿಷಿಗೂ ತಿರುಗಿಸುವ ಕೆಲಸ. ಕಚೇರಿಯಲ್ಲಿ ಅವನ ಮಾತನ್ನು ಯಾರೂ ಕೇಳುತ್ತಿರಲಿಲ್ಲವೋ ಏನೋ, ಮನೆಯಲ್ಲಿ ನಾವಿಬ್ಬರು ಸಿಕ್ಕಿದ್ದೆವು. ಅವ್ವ ಸಾಬೂನು ಎಂದರೆ ಸಾಬೂನು ಯಾವ ಹಡಗು ಹತ್ತಿ ಬಂತು ಎಂದು ಹೇಳಬೇಕು. ನಾನು ಕಮೀಜು ಎಂದರೆ ಅದರ ತಾಯಿ ತಂದೆ ಯಾರು ಎಂದು ಹೇಳಬೇಕು. ಒಮ್ಮೆ ನನಗೆ ಜ್ವರ ನೆತ್ತಿಗೇರಿ, ಅವ್ವ ನನ್ನನ್ನು ತೊಡೆಯ ಮೇಲೆ ಹಾಕಿಕೊಂಡು ಆಟೋದಲ್ಲಿ ದವಾಖಾನೆಗೆ ಕರೆದೊಯ್ಯುತ್ತಿದ್ದಳು. ಪಕ್ಕದಲ್ಲಿ ಕೂತ ಅಪ್ಪ ಅಲ್ಲಿಯೂ ಬಿಡಲಿಲ್ಲ.

"ದವಾ ಅಂದ್ರ ಔಷಧ. ಖಾನಾ ಅಂದ್ರ ಮನಿ. ಊಟಕ್ಕೂ ಖಾನಾ ಅಂತಾರ, ಆದ್ರ ಅದು ಬ್ಯಾರೆ ಖಾನಾ. ತಿಳೀತೇನು?"

"ರೀ, ಹುಡುಗಿ ಮೈ ಹೆಂಚಿನಂಗ ಸುಡಾಕತ್ತೈತಿ. ಮೊದಲ ದವಾ ಕೊಡಸ್ರಿ. ಖಾನಾ ಆಮ್ಯಾಲೆ ನೋಡೂಣು."

ಆಗ ನಾವು ಸನತ್‌ನಗರದಲ್ಲಿ ಒಂದು ಮಾಳಿಗೆಯ ಮೇಲೆ ಬಾಡಿಗೆಗಿದ್ದೆವು. ಎರಡು ಕೋಣೆ, ಒಂದು ಅಡುಗೆಮನೆ, ನೀರಿಗೆ ಕೆಳಗಿನ ನಳ. ಹಿಂದಿನ ಗೋಡೆಗೆ ಅಂಟಿಕೊಂಡಂತೆ ಡಬ್ಬಿಗಳ ಮುಚ್ಚಳ ಮಾಡುವ ಒಂದು ಕಾರ್ಖಾನೆಯ ಶೆಡ್ಡು ಇತ್ತು. ಅಲ್ಲಿಯ ಯಂತ್ರ ಬೆಳಿಗ್ಗೆಯಿಂದ ಸಂಜೆಯವರೆಗೆ ತಗಡಿನ ಮೇಲೆ ಧಡ್ ಧಡ್ ಎಂದು ಬಡಿಯುತ್ತಿತ್ತು. ಪ್ರತಿ ಏಟಿಗೂ ನಮ್ಮ ಗೂಡಿನಲ್ಲಿಟ್ಟ ಸ್ಟೀಲಿನ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತಿದ್ದವು. ಆ ಸಪ್ಪಳವನ್ನು ಮೀರಿಸಿ ಮಾತಾಡಬೇಕಾಗಿದ್ದರಿಂದ ನಮ್ಮದು ಯಾವಾಗಲೂ ಜಗಳವಾಡುತ್ತಿರುವ ಮನೆಯಂತೆ ಕೇಳುತ್ತಿತ್ತು. ಕೆಳಗಿನ ಮನೆಯ ತೆಲುಗಿನ ಅಮ್ಮ ಆಗಾಗ ಮೆಟ್ಟಿಲ ಬಳಿ ಬಂದು, ಎಲ್ಲ ಸರಿಯಾಗಿದೆಯಾ ಎಂದು ಅವ್ವನನ್ನು ಕೇಳಿ ಹೋಗುತ್ತಿದ್ದಳು. ಹೊರಗಿನ ಕೋಣೆಯ ಮೂಲೆಯಲ್ಲಿ ಟೀವಿ. ಕೇಬಲ್ ಹಾಕಿಸಲು ಅಪ್ಪ ಒಪ್ಪಿರಲಿಲ್ಲ. ಹಾಗಾಗಿ ನಮಗೆ ಸಿಗುತ್ತಿದ್ದದ್ದು ದೂರದರ್ಶನದ ತೆಲುಗು ವಾರ್ತೆ ಮತ್ತು ಹಿಂದಿ ವಾರ್ತೆ. ಅದನ್ನಾದರೂ ಸುಮ್ಮನೆ ನೋಡಲು ಬಿಡುತ್ತಿದ್ದನೇ? ವಾರ್ತೆ ಓದುವವಳ ಒಂದೊಂದು ಉಚ್ಚಾರಣೆಯನ್ನೂ ತಿದ್ದುತ್ತ, ಅವಳಿಗೆ ಕೇಳಿಸುತ್ತದೇನೋ ಎಂಬಂತೆ ಬೈಯುತ್ತ ಕೂಡುತ್ತಿದ್ದ.

ಅಪ್ಪನ ತಮ್ಮ, ನನ್ನ ಕಾಕಾ, ನಮ್ಮ ಮನೆಯಲ್ಲೇ ಇದ್ದು ಓದಿದವನು. ಅವ್ವನ ಕೈಯ ಅನ್ನ ತಿಂದು ಬೆಳೆದು, ಮಿಲಿಟರಿ ಸೇರಿ, ಗೋಲ್ಕೊಂಡದ ಕಡೆ ತರಬೇತಿ ಪಡೆದು, ತೋಪು ಹೊಡೆಯುವ ದಳಕ್ಕೆ ಸೇರಿದ್ದ. ೧೯೯೯ರ ಬೇಸಿಗೆಯಲ್ಲಿ ಅವನ ಮದುವೆಯಾಯಿತು. ಹುಡುಗಿ ವಿಜಾಪುರದ ಕಡೆಯ ಹಳ್ಳಿಯವಳು, ಹೆಸರು ರತ್ನಾ. ನನಗೆ ಕಾಕಿ. ಹೊಸ ಮದುಮಗಳಿಗೆ ಚಾರ್‌ಮಿನಾರ್ ತೋರಿಸಿ, ಬಳೆ ಕೊಡಿಸಿ, ಇನ್ನೂ ರಜೆ ಇದೆ ಎನ್ನುವಾಗಲೇ ಕಾಕಾನಿಗೆ ಕೂಡಲೇ ಬಾ ಎಂದು ಕರೆ ಬಂತು. ಟ್ರಂಕು ಹಿಡಿದು ಬಾಗಿಲಲ್ಲಿ ನಿಂತು ಅವ್ವನಿಗೆ ಹೇಳಿದ:

"ವೈನಿ, ಇಕಿನ್ನ ನಿಮ್ಮ ಕೈಯಾಗ ಬಿಟ್ಟು ಹೊಂಟೀನಿ. ಅಣ್ಣನ ಕೈಯಾಗಲ್ಲ ಮತ್ತ. ಅಂವ ಶಬ್ದದ ಗದ್ದಲದಾಗ ಮರತ್ಬಿಡ್ತಾನ."

ಕಾರ್ಗಿಲ್ ಕಡೆ ಯುದ್ಧ ಶುರುವಾಗಿದೆ ಎಂದು ನಮಗೆ ಗೊತ್ತಾದದ್ದು ಅವನು ಹೋದ ಮೇಲೆ. ಅಂದಿನಿಂದ ನಮ್ಮ ಸಂಜೆಗಳೆಲ್ಲ ಹಿಂದಿ ವಾರ್ತೆಯ ಮುಂದೆ ಕಳೆದವು. ಕಾಕಿಗೆ ಹಿಂದಿ ಬರುತ್ತಿರಲಿಲ್ಲ. ಓಣಿಯಲ್ಲಿ ತರಕಾರಿಯವನ ಹತ್ತಿರ ಬೇಡ ಎನ್ನಲು 'ನಕ್ಕೋ' ಎನ್ನುವಷ್ಟು ಕಲಿತಿದ್ದಳು. ಆದರೆ ಟೀವಿಯ ಹಿಂದಿಗೂ ತರಕಾರಿಯವನ ಹಿಂದಿಗೂ ಸಂಬಂಧವೇ ಇರಲಿಲ್ಲ. ಅವಳು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು, ಅರ್ಥವಾಗದ ಮಾತಿನ ನಡುವೆ ಮೇಲಿಂದ ಮೇಲೆ ಬರುವ ಒಂದು ಶಬ್ದವನ್ನು ಹಿಡಿದುಕೊಂಡಳು. ಒಂದು ಸಂಜೆ ಊಟಕ್ಕೆ ಕೂತಾಗ ಅಪ್ಪನನ್ನು ಕೇಳಿದಳು:

"ಭಾವಾರ, ಆ ಟೀವಿಯಾಕಿ ದಿನಾ ಗೋಲಾಬಾರಿ, ಗೋಲಾಬಾರಿ ಅಂತಾಳಲ್ಲರಿ. ಹಂಗಂದ್ರ ಏನ್ರಿ?"

ನಾನು ಒಳಗೊಳಗೇ ನರಳಿದೆ. ತಾನಾಗಿ ಬಂದು ಯಾರಾದರೂ ಅಪ್ಪನಿಗೆ ಶಬ್ದದ ಅರ್ಥ ಕೇಳುವುದೇ? ಇನ್ನು ಸಾರು ಆರಿ, ರೊಟ್ಟಿ ಸೆಟೆದು, ಮಜ್ಜಿಗೆಯವರೆಗೆ ಮುಟ್ಟುವ ಹೊತ್ತಿಗೆ ನಿದ್ದೆ ಬಂದಿರುತ್ತದೆ ಎಂದುಕೊಂಡೆ. ಅದೂ ಈ ಶಬ್ದ! ಹಿಂದಿನ ಚಳಿಗಾಲದಲ್ಲಿ ಗೋಲ್ಕೊಂಡ ಕೋಟೆಯ ಮೇಲೆ, ಹಳೆಯ ತೋಪೊಂದರ ಮುಂದೆ ನನ್ನನ್ನು ನಿಲ್ಲಿಸಿ, ಬಿಸಿಲಲ್ಲಿ ಬೇಯಿಸಿ ಇದನ್ನು ಪಾಠ ಮಾಡಿದ್ದ. ಗೋಲಿ ಬೇರೆ, ಗೋಲಾ ಬೇರೆ. ಗೋಲಿ ಅಂದರೆ ಬಂದೂಕಿನ ಸಣ್ಣ ಗುಂಡು. ಗೋಲಾ ಅಂದರೆ ತೋಪಿನ ದೊಡ್ಡ ಗುಂಡು. ಬಾರಿ ಅಂದರೆ ಫಾರಸಿಯಲ್ಲಿ ಸುರಿಯುವುದು. ಹಾಗಾಗಿ ಗೋಲಾಬಾರಿ ಅಂದರೆ ತೋಪುಗಳಿಂದ ಒಂದೇ ಸಮನೆ ಗುಂಡು ಸುರಿಯುವುದು. ನಮ್ಮ ಕನ್ನಡ ಪತ್ರಿಕೆಗಳಲ್ಲಿ ಬರುವ ಗೋಲಿಬಾರ್ ಅದಲ್ಲ. ಅದು ಪೊಲೀಸರು ಮಂದಿಯ ಮೇಲೆ ಬಂದೂಕು ಹಾರಿಸುವುದು. ಇವೆರಡನ್ನೂ ಒಂದು ಮಾಡುವವರನ್ನು ಕಂಡರೆ ಅಪ್ಪನಿಗೆ ಮೈಯೆಲ್ಲ ಉರಿಯುತ್ತಿತ್ತು. ಅಂಥ ಅಪ್ಪ ಅವತ್ತು ತಾಟಿನಲ್ಲಿದ್ದ ಪುಂಡಿಪಲ್ಯವನ್ನು ಬೆರಳಲ್ಲಿ ಅತ್ತಿತ್ತ ಸರಿಸಿದ, ಗಂಟಲು ಸರಿಮಾಡಿಕೊಂಡ, ಕಾಕಿಯ ಕಡೆ ನೋಡದೆ ಹೇಳಿದ:

"ಅದಾ? ನಮ್ಮ ಕಡೆ ಗೋಲಿಬಾರ್ ಅಂತೀವೆಲ್ಲ, ಅದ. ಹಿಂದಿಯೊಳಗ ಹಂಗಂತಾರ. ಭಾಳ ದೊಡ್ಡದೇನಲ್ಲ. ನಾಕು ಗುಂಡು ಹಾರಸ್ತಾರ, ಸುಮ್ಮನಾಗ್ತಾರ."

ಅವ್ವನ ರೊಟ್ಟಿ ಬಡಿಯುವ ಕೈ ನಿಂತಿತು. ನಾನು ಬಾಯಿ ತೆರೆದೆ. ಅಪ್ಪ ನನ್ನ ಕಡೆ ಬಿಟ್ಟ ಕಣ್ಣು ನೋಡಿ ಮುಚ್ಚಿಕೊಂಡೆ. ಕಾಕಿ ಹಿಟ್ಟು ನಾದುವುದನ್ನು ಬಿಟ್ಟು ಎದ್ದಳು. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಒಳಕೋಣೆಗೆ ಹೋದಳು. ಊಟ ಬೇಡ, ತಲೆ ನೋಯುತ್ತಿದೆ ಎಂದಳು.

ಅಲ್ಲಿಂದ ನಮ್ಮ ಮನೆ ಯಾರೂ ಸಹಿಸಲಾಗದ ಮನೆಯಾಯಿತು. ಕಾಕಿ ಊಟ ಬಿಟ್ಟಳು. ಸಾರಿಗೆ ಎರಡು ಸಲ ಉಪ್ಪು ಹಾಕಿದಳು, ಮರುದಿನ ಹಾಕುವುದನ್ನೇ ಮರೆತಳು. ಹಿಂದಿನ ಶೆಡ್ಡಿನ ಯಂತ್ರ ಬಡಿದಾಗಲೆಲ್ಲ ಕೈಯಲ್ಲಿದ್ದದ್ದನ್ನು ಕೆಳಗೆ ಹಾಕುತ್ತಿದ್ದಳು. ಯಂತ್ರವಾದರೋ ದಿನವಿಡೀ ಬಡಿಯುತ್ತಿತ್ತು. ಅವ್ವ ಮೊದಮೊದಲು ತಲೆ ಸವರಿ, ಆಮೇಲೆ ಬುದ್ಧಿ ಹೇಳಿ, ಕೊನೆಗೆ ಬೈದಳು. ಒಂದು ದಿನ ನಳದ ಬಳಿ ಕೊಡದ ಮೇಲೆಯೇ ಕಾಕಿ ಕುಸಿದು ಬಿದ್ದಳು. ಕೆಳಗಿನ ಅಮ್ಮ ಅವಳ ಮುಖಕ್ಕೆ ನೀರು ಹೊಡೆದು, ಮನೆಗೆ ಬಂದ ಹೆಣ್ಣುಮಗಳನ್ನು ಹೀಗೆ ನೋಡಿಕೊಳ್ಳುತ್ತಾರೆಯೇ ಎಂಬಂತೆ ಅವ್ವನನ್ನು ನೋಡಿದಳು. ಆ ಸಿಟ್ಟನ್ನೆಲ್ಲ ಅವ್ವ ಅಪ್ಪನ ಮೇಲೆ ತೀರಿಸಿಕೊಂಡಳು. ಅಪ್ಪ ನಾಂಪಲ್ಲಿ ಸ್ಟೇಶನ್ನಿನ ಅಂಗಡಿಯಿಂದ ದಿನವೂ ಒಂದು ಕನ್ನಡ ಪತ್ರಿಕೆ ತರುತ್ತಿದ್ದ. ಕಾಕಿ ಕನ್ನಡ ಓದಬಲ್ಲಳು, ಅದರಲ್ಲಿ ನಿಜ ಬರೆದಿರುತ್ತದೆ ಎಂದು ಈಗ ಅದನ್ನೂ ತರುವುದು ಬಿಟ್ಟ. ಪತ್ರಿಕೆ ಎಲ್ಲಿ ಎಂದು ಅವಳು ಕೇಳಿದರೆ ಅಂಗಡಿ ಮುಚ್ಚಿತ್ತು ಎನ್ನುತ್ತಿದ್ದ. ನನಗಂತೂ ಈ ದೊಡ್ಡವರೆಲ್ಲ ಸೇರಿ ನನಗೆ ಹುಚ್ಚು ಹಿಡಿಸುತ್ತಾರೆ ಅನಿಸುತ್ತಿತ್ತು. ಒಂದು ತಪ್ಪು ಉಚ್ಚಾರಣೆಗೆ ಊಟ ನಿಲ್ಲಿಸುವ ಮನುಷ್ಯ ಇಷ್ಟು ದೊಡ್ಡ ತಪ್ಪು ಅರ್ಥವನ್ನು ಬಾಯಿ ಬಿಟ್ಟು ಹೇಳಬಹುದು, ನಾನು ಮಾತ್ರ ಸುಮ್ಮನಿರಬೇಕು! ವಾರ್ತೆ ಮುಗಿದ ಕೂಡಲೇ ದಿನವೂ ಅದೇ ಮಾತು ನಡೆಯುತ್ತಿತ್ತು.

"ಇವತ್ತೂ ಗೋಲಿಬಾರ್ ಆತೇನ್ರಿ, ಭಾವಾರ?"

"ಆತು. ಸಣ್ಣದು."

ಒಂದು ರವಿವಾರ ಮಧ್ಯಾಹ್ನ ಅದು ಒಡೆಯಿತು. ಶೆಡ್ಡಿಗೆ ರಜೆ, ಓಣಿಯೆಲ್ಲ ಶಾಂತ. ಟೀವಿಯಲ್ಲಿ ಗುಡ್ಡಗಳ ಚಿತ್ರ ತೋರಿಸುತ್ತ, ರಾತ್ರಿಯಿಡೀ ಭಾರೀ ಗೋಲಾಬಾರಿ ನಡೆಯಿತು ಎಂದು ಹೇಳುತ್ತಿದ್ದರು. ಕಾಕಿ ಜೋಳದ ಹಿಟ್ಟು ನಾದುತ್ತಿದ್ದವಳು ಎದ್ದು ಬಂದು ಟೀವಿಯ ಪಕ್ಕ ನಿಂತಳು.

"ಭಾವಾರ, ಅಲ್ಲಿ ಮಂದಿ ಯಾಕ ಸೇರ್ತಾರ್ರಿ? ದಿನಾ ಗೋಲಿಬಾರ್ ಆಗಾಕತ್ತೈತಿ ಅಂದ್ರೂ ಯಾಕ ಸೇರ್ತಾರ?"

ಅಪ್ಪನಿಗೂ ಆ ಹೊತ್ತಿಗೆ ಸಾಕಾಗಿತ್ತು. ತಾನೇ ಹೇಳಿದ ಸುಳ್ಳಿಗೆ ದಿನವೂ ಹೊಸ ಉತ್ತರ ಹುಡುಕಿ ಅವನೂ ದಣಿದಿದ್ದ.

"ಎಷ್ಟು ಸರ್ತೆ ಹೇಳಲಿ, ರತ್ನಾ? ಮಾಮೂಲಿ ಗೋಲಿಬಾರ್ ಅದು. ನಮ್ಮ ಕಡೆ ಆಗೂದಿಲ್ಲೇನು? ಅಷ್ಟಕ್ಕ ಊಟಾ ಬಿಟ್ಟು ಕುಂತ್ರ ಹೆಂಗ?"

ಕಾಕಿ ಹಿಟ್ಟಿನ ಕೈಯನ್ನು ಗೋಡೆಗೆ ಊರಿದಳು. ಅವಳು ಅಪ್ಪನ ಮುಂದೆ ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು.

"ಗೋಲಿಬಾರ್ ಅಂದ್ರ ಮಾಮೂಲಿ ಏನ್ರಿ? ನಮ್ಮಣ್ಣ ಗೋಲಿಬಾರ್‌ನ್ಯಾಗ ಸತ್ತಾನ."

ಮದುವೆ ಮಾತಿನ ಹೊತ್ತಿಗೆ ನಮಗೆ ಹೇಳಿದ್ದೇ ಬೇರೆ. ಹುಡುಗಿಯ ಅಣ್ಣ ಲಾರಿ ಹಾಯ್ದು ಸತ್ತ ಎಂದಿದ್ದರು.

"ಲಾರಿ ಅಲ್ಲರಿ. ಹುಡುಗ ಮಿಲಿಟರಿಯೊಳಗ ಅದಾನ, ಪೊಲೀಸರ ಗುಂಡು ಅಂದ್ರ ಸಂಬಂಧ ಮುರೀತಾರ ಅಂತ ನಮ್ಮಪ್ಪ ಹಂಗ ಹೇಳಸಿದ. ಅಣ್ಣ ಎಮ್ಮಿಗೆ ಹಿಂಡಿ ತರಾಕ ಪ್ಯಾಟಿಗೆ ಹೋಗಿದ್ದ. ಮೆರವಣಿಗಿ ಯಾರದು ಅಂತ ಸೈತ ಅವಗ ಗೊತ್ತಿರಲಿಲ್ಲ. ಎಲ್ಲಾರೂ ಓಡಿದ್ರು, ಅಂವಾನೂ ಓಡ್ಯಾನ. ಬೆನ್ನಿಗೆ ಬಿತ್ತು. ಕೈಯಾಗ ಒಂದು ಕಲ್ಲು ಸೈತ ಇರಲಿಲ್ಲರಿ ಅವನ ಕಡೆ." ಅವಳು ಇನ್ನೊಂದು ಕೈಯಿಂದ ಟೀವಿಯ ಕಡೆ ತೋರಿಸಿದಳು. "ದಿನಾ ಸಂಜೀಕ ನೀವು ಗೋಲಿಬಾರ್ ಆತು, ಸಣ್ಣದಾತು ಅಂತೀರಿ. ನನಗ ನಮ್ಮನಿಯವರು ಓಡೂದು ಕಾಣಾಕತ್ತೈತಿ. ಬರೀಗೈಲೆ ಓಡಾಕತ್ತಾರ, ಹಿಂದ ಹೊಡ್ಯಾಕತ್ತಾರ. ಇನ್ನ ನನ್ನ ತವರಿಗೆ ಕಳಸೂದಿದ್ರ ಕಳಸ್ರಿ. ಹೇಳೂದು ಹೇಳಿಬಿಟ್ಟೆ."

ಅವ್ವ ಎದ್ದು ಟೀವಿ ಆರಿಸಿದಳು. ಕಾಕಿಯ ಭುಜ ಹಿಡಿದು ಕೂಡಿಸಿದಳು.

"ನಿನ್ನ ಯಾರು ಕಳಸ್ತಾರ? ಕಳಸೂದಿದ್ರ ಇವರನ್ನ ಕಳಸಬೇಕು. ಇಷ್ಟು ವರ್ಷ ಶಬ್ದಾ ಶಬ್ದಾ ಅಂತ ನಮ್ಮ ಜೀವಾ ತಿಂದ್ರಿ. ಬೇಕಾದಾಗ ಒಂದ ಒಂದು ಶಬ್ದಾ ಸರಿಯಾಗಿ ಹೇಳೂದು ಬರಲಿಲ್ಲಲ್ಲರಿ ನಿಮಗ!"

ಅಪ್ಪ ಕುರ್ಚಿಯಿಂದ ಇಳಿದು, ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತ. ಅವನು ಯಾವ ಭಾಷೆಯ ಹೆಸರನ್ನೂ ತೆಗೆಯದೆ, ಯಾವ ಮೂಲವನ್ನೂ ಹೇಳದೆ ಒಂದು ಶಬ್ದದ ಅರ್ಥ ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

"ನಾ ಸುಳ್ಳು ಹೇಳೀನಿ, ರತ್ನಾ. ಗೋಲಾಬಾರಿ ಅಂದ್ರ ಗೋಲಿಬಾರ್ ಅಲ್ಲ. ಅದಕ್ಕಿಂತ ಭಾಳ ದೊಡ್ಡದು. ತೋಪಿನಿಂದ ಹೊಡೀತಾರ. ನಿಂದರದಂಗ, ಮಳಿ ಸುರದಂಗ. ಬಂಡಿಗಲ್ಲು ಸೈತ ಪುಡಿಯಾಗ್ತಾವ. ಖರೆ ಹೇಳಿದ್ರ ನೀ ಅಂಜತಿ ಅಂತ ಸಣ್ಣ ಶಬ್ದಾ ಹೇಳಿದ್ನಿ."

ಕಾಕಿ ಅವನನ್ನೇ ನೋಡುತ್ತಿದ್ದಳು. ನಾನು, ಇವಳು ಈಗ ಎಚ್ಚರ ತಪ್ಪುತ್ತಾಳೆ ಎಂದುಕೊಂಡು ನೀರಿನ ತಂಬಿಗೆ ಹಿಡಿದು ಸಿದ್ಧವಾಗಿ ನಿಂತಿದ್ದೆ.

"ಆ ತೋಪು ಯಾರ ಕಡೆ ಅದಾವರಿ?"

"ಎರಡೂ ಕಡೆ."

"ಇವರ ಕಡೇನೂ?"

"ಅವನ ಕೆಲಸಾನ ಅದು. ತೋಪು ತುಂಬೂದು, ಹೊಡಿಯೂದು."

"ಹಂಗಾರ ಇವರು ಬರೀಗೈಲೆ ಇಲ್ಲ?"

"ಇಲ್ಲ."

"ಓಡಾಕತ್ತಿಲ್ಲ?"

"ಓಡೂದು ಎಲ್ಲಿ ಬಂತು? ತೋಪಿನ ಹಿಂದ ನಿಂತು ಹೊಡ್ಯಾಕತ್ತಿರ್ತಾನ."

ಕಾಕಿ ಎದ್ದಳು. ಗೋಡೆಯ ಮೇಲೆ ಅವಳ ಐದು ಬೆರಳಿನ ಹಿಟ್ಟಿನ ಗುರುತು ಮೂಡಿತ್ತು; ಅದನ್ನು ಸೆರಗಿನಿಂದ ಒರೆಸಿದಳು. ಅಡುಗೆಮನೆಗೆ ಹೋಗಿ, ಬಿಟ್ಟುಬಂದಿದ್ದ ಹಿಟ್ಟನ್ನು ಮತ್ತೆ ನಾದಿ, ರೊಟ್ಟಿ ಬಡಿದು, ನಮಗೆ ಹಾಕಿ, ತಾನೂ ಕೂತಳು. ಅವ್ವನಿಂದ ಕೇಳಿ ಕೇಳಿ ಝುಣಕ ಹಾಕಿಸಿಕೊಂಡು ತಿಂದಳು. ನಾನು ದಂಗಾಗಿ ನೋಡುತ್ತ ಕೂತೆ. ಇಷ್ಟು ದಿನ ಪೊಲೀಸರ ನಾಲ್ಕು ಗುಂಡಿಗೆ ಅನ್ನ ನೀರು ಬಿಟ್ಟವಳು, ಗುಡ್ಡ ಒಡೆಯುವ ತೋಪಿನ ಸುದ್ದಿ ಕೇಳಿ ಹೊಟ್ಟೆ ತುಂಬ ಊಟ ಮಾಡುತ್ತಿದ್ದಳು. ಅಪ್ಪ ಸಂಜೆಯವರೆಗೆ ಮೌನವಾಗಿದ್ದ. ಮೌನವಾಗಿಯೇ ಇದ್ದಿದ್ದರೆ ಅವತ್ತು ನಾನು ಅವನ ಮೇಲೆ ಪ್ರೀತಿಯಿಟ್ಟು ಮಲಗುತ್ತಿದ್ದೆ. ದೀಪ ಹಚ್ಚುವ ಹೊತ್ತಿಗೆ ನನ್ನ ಪಕ್ಕ ಬಂದು ಪಿಸುಗುಟ್ಟಿದ: "ತೋಪು ಅನ್ನೂದು ತುರ್ಕಿ ಶಬ್ದ, ಗೊತ್ತೇನು?" ನಾನು ಎದ್ದು ಮಾಳಿಗೆಯ ಮೆಟ್ಟಿಲಿಗೆ ಹೋಗಿ ಕೂತೆ.

ಮರುದಿನದಿಂದ ಕನ್ನಡ ಪತ್ರಿಕೆ ಮತ್ತೆ ಬಂತು. ಅಪ್ಪ ಒಂದನ್ನೂ ಬಿಡದೆ ಓದಿ ಹೇಳುತ್ತಿದ್ದ, ಕಾಕಿ ಚಹಾದ ಬಸಿ ಹಿಡಿದು ಕೇಳುತ್ತಿದ್ದಳು. ಹೆದರುತ್ತಿರಲಿಲ್ಲ ಎಂದಲ್ಲ. ದೇವರ ಮುಂದೆ ಅವಳು ಕೂಡುವ ಹೊತ್ತು ಹೆಚ್ಚಾಗಿತ್ತು. ಆದರೆ ಈಗ ಅವಳು ನಮ್ಮೆಲ್ಲರಂತೆ ಹೆದರುತ್ತಿದ್ದಳು.

ಇವತ್ತು ನಾನು ಇದೇ ಊರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಡಾಕ್ಟರುಗಳ ಮಾತನ್ನು ರೋಗಿಗಳ ಕಡೆಯವರಿಗೆ ಕನ್ನಡದಲ್ಲಿ ತಿಳಿಸುವ ಕೆಲಸದಲ್ಲಿದ್ದೇನೆ. ರಾಯಚೂರು, ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು ಮೇಲಿನಿಂದ ಬಿದ್ದು, ಕಂಬಿ ಚುಚ್ಚಿಸಿಕೊಂಡು ಬರುತ್ತಾರೆ. ನಾನು ಒಳಗಿನಿಂದ ಹೊರಗೆ ಬರುವ ಮೊದಲೇ ಯಾರಾದರೊಬ್ಬರು ನನ್ನ ಸೆರಗು ಜಗ್ಗುತ್ತಾರೆ: "ಅಕ್ಕಾರ, ಸಣ್ಣ ಮಾತಿನ್ಯಾಗ ಹೇಳ್ರಿ. ಅವನ ಹೇಣ್ತಿ ಅಂಜತಾಳ." ನನಗೆ ರೇಗುತ್ತದೆ. ಯಾವ ಮಾತು ಅವಳಿಗೆ ಸಣ್ಣದು, ಯಾವುದು ದೊಡ್ಡದು ಎಂದು ನಿಮಗೇನು ಗೊತ್ತು ಎಂದು ಕೂಗಬೇಕು ಅನಿಸುತ್ತದೆ. ಕೂಗುವುದಿಲ್ಲ. ಆ ಹೆಂಗಸಿನ ಪಕ್ಕ ಕೂತು, ಮೊದಲು ಅವಳು ಏನು ಕೇಳಿಸಿಕೊಂಡಿದ್ದಾಳೆ, ಅದರಿಂದ ಏನು ತಿಳಿದುಕೊಂಡಿದ್ದಾಳೆ ಎಂದು ಕೇಳುತ್ತೇನೆ. ಇದಕ್ಕೆ ಹೊತ್ತು ಹಿಡಿಯುತ್ತದೆ, ಡಾಕ್ಟರುಗಳಿಗೆ ತಾಳ್ಮೆ ಇರುವುದಿಲ್ಲ. ಮನೆಯಲ್ಲಿ ನನ್ನ ಮಗಳು ಮೊನ್ನೆ ಅಮೀರ್‌ಪೇಟೆಯ ಕೋಚಿಂಗಿನಿಂದ ಬಂದು, ಯಾರೋ ಹುಡುಗನ ಬಗ್ಗೆ "ಅಂವ ತೋಪು" ಎಂದಳು. ಇಲ್ಲಿನ ತೆಲುಗು ಹುಡುಗರ ಬಾಯಲ್ಲಿ ಹಾಗೆಂದರೆ ಭಾರೀ ಗಟ್ಟಿಗ ಎಂದರ್ಥ. ನಾನು ಬಾಯಿ ತೆರೆಯುವುದರೊಳಗೆ ಅವಳು ಎರಡೂ ಕಿವಿ ಮುಚ್ಚಿಕೊಂಡು ಒಳಗೆ ಓಡಿದಳು.

ಆ ವರ್ಷ ಕಾಕಾ ಮರಳಿ ಬಂದದ್ದು ಯುದ್ಧ ಮುಗಿದು ಚಳಿ ಶುರುವಾದ ಮೇಲೆ. ಕಪ್ಪಾಗಿದ್ದ, ಸೊರಗಿದ್ದ, ಬಾಗಿಲಲ್ಲಿ ನಿಂತು ಟ್ರಂಕು ಇಳಿಸಿ ದೊಡ್ಡದಾಗಿ ನಕ್ಕ. ಅವ್ವ ಆರತಿ ಎತ್ತಿ, ಕಣ್ಣೊರೆಸಿಕೊಂಡು, ಚಹಾ ಮಾಡಲೇನು ಎಂದು ಕೇಳಿದಳು. ಕಾಕಾ ರೈಲು ಬಹಳ ತಡವಾಯಿತು ಎಂದ. ನಾವು ಒಬ್ಬರ ಮುಖ ಒಬ್ಬರು ನೋಡಿದೆವು.

"ಕಿವಿ ಹೋಗ್ಯಾವ ವೈನಿ. ಬಲಗಿವಿ ಪೂರಾ, ಎಡಗಿವಿ ಅರ್ಧಾ. ತೋಪಿನ ಸಪ್ಪಳಕ್ಕ. ಜೋರಾಗಿ ಹೇಳ್ರಿ."

ಅವನು ಅದನ್ನು ನಗುತ್ತಲೇ ಹೇಳಿದ. ಊಟಕ್ಕೆ ಕೂತಾಗ ಎಲ್ಲರೂ ಅವನ ಎಡಗಡೆ ಕೂಡಲು ನೂಕಾಡಿದೆವು, ಎಲ್ಲರೂ ಕೂಗಿ ಕೂಗಿ ಮಾತಾಡಿದೆವು. ಕಾಕಿ ಬಡಿಸುತ್ತಿದ್ದಳು. ಅವಳ ಮುಖದಲ್ಲಿ ಅಷ್ಟು ಬೆಳಕನ್ನು ನಾನು ಅದುವರೆಗೆ ನೋಡಿರಲಿಲ್ಲ. ಗಂಡನ ಮುಂದೆ ಬಗ್ಗಿ, ನಮಗೆಲ್ಲ ಕೇಳಲಿ ಎಂಬಂತೆ ಗಟ್ಟಿಯಾಗಿ ಕೇಳಿದಳು:

"ನೀವೂ ಹೊಡದ್ರಿ, ಹೌದಲ್ಲರಿ?"

"ಹೊಡದ್ವಿ. ಹಗಲೂ ರಾತ್ರಿ ಹೊಡದ್ವಿ. ತೋಪಿನ ನಳಿಗಿ ಕೆಂಪಗಾಗತನಕ ಹೊಡದ್ವಿ."

"ಎಲ್ಲಿ ಬಿದ್ದುವ್ರಿ?"

"ಗುಡ್ಡದ ಆಚಿ ಕಡೆ. ನಮಗ ಕಾಣ್ತಿರಲಿಲ್ಲ. ವೈರ್‌ಲೆಸ್‌ನ್ಯಾಗ ಯಾರೋ ಲೆಕ್ಕಾ ಹೇಳ್ತಿದ್ರು, ನಾವು ಹೊಡೀತಿದ್ವಿ. ಯಾರ ಮ್ಯಾಲ ಬಿತ್ತು, ಎಲ್ಲಿ ಬಿತ್ತು, ನಮಗೇನು ಗೊತ್ತಾಗತೈತಿ?"

ಕಾಕಿಯ ಕೈಯಲ್ಲಿದ್ದ ಸೌಟು ಪಾತ್ರೆಯ ಮೇಲೆಯೇ ನಿಂತಿತು. ಅವಳ ದನಿ ಇಳಿಯಿತು.

"ಆಚಿ ಕಡೆ ಊರಿದ್ದುವೇನ್ರಿ?"

ಅಪ್ಪನಿಗೆ ಕೇಳಿಸಿತು, ಅವ್ವನಿಗೆ ಕೇಳಿಸಿತು, ನನಗೂ ಕೇಳಿಸಿತು. ಕಾಕಾ ಎಡಗಿವಿಯ ಹಿಂದೆ ಕೈಯಿಟ್ಟು ಅವಳ ಕಡೆ ಬಾಗಿದ.

"ಏನಂದಿ?"

ಅಪ್ಪ ಆ ಮಾತನ್ನು ಕೂಗಿ ಹೇಳಲು ಬಾಯಿ ತೆರೆದ. ಅವ್ವ ಅವನನ್ನು ನೋಡಿದಳು. ಅಪ್ಪ ಬಾಯಿ ಮುಚ್ಚಿದ.

"ಏನಿಲ್ಲರಿ," ಎಂದಳು ಕಾಕಿ, ಈಗ ಗಟ್ಟಿಯಾಗಿ. "ಇನ್ನೊಂದೀಟು ಪಲ್ಯ ಹಾಕ್ಲೇನು ಅಂದೆ."

"ಹಾಕು," ಎಂದು ಕಾಕಾ ತಾಟನ್ನು ಮುಂದೆ ಸರಿಸಿದ.